ಬಲಿಪೀಠದ ಬಳಿಯ ಎಣ್ಣೆದೀಪ: ಗುರು ಅಮಲೋರ್ಪವದಾಸರ ಬದುಕು ಮತ್ತು ಚಿಂತನೆ

ಹಬ್ಬದ ಬಲಿಪೂಜೆಯಲ್ಲಿ ದೀಪ ಬೆಳಗುವುದು, ಆರತಿ ಎತ್ತುವುದು, ಶಾಂತಿಯನ್ನು ಕೋರುವಾಗ ಪಕ್ಕದವರಿಗೆ ಕೈಜೋಡಿಸಿ ವಂದಿಸುವುದು ನಮ್ಮ ಮಕ್ಕಳಿಗೆ ಇಂದು ತೀರ ಸಹಜವಾದ ಸಂಗತಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಹಿರಿಯರಿಗಾದರೋ ಲತೀನ್ ಭಾಷೆಯ ಪೂಜೆಯ ನೆನಪು ಇನ್ನೂ ಮಾಸಿಲ್ಲ. ಗುರುಗಳು ಬೆನ್ನು ತಿರುಗಿಸಿ ಪೂಜೆ ಅರ್ಪಿಸುತ್ತಿದ್ದರು, ಭಕ್ತರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಅಲ್ಲಿಂದ ಇಲ್ಲಿಗೆ ನಾವು ಹೇಗೆ ಬಂದೆವು ಎಂದು ಕೇಳಿಕೊಂಡರೆ, ನಮ್ಮ ಬೆಂಗಳೂರಿನಲ್ಲೇ ಕುಳಿತು ದುಡಿದ ಒಬ್ಬ ಗುರುಗಳ ಹೆಸರು ಮೊದಲು ನೆನಪಾಗುತ್ತದೆ. ಅವರೇ ವಂದನೀಯ ಡಿ.ಎಸ್. ಅಮಲೋರ್ಪವದಾಸ್.

ಅವರು ಹುಟ್ಟಿದ್ದು 1932ರಲ್ಲಿ, ತಮಿಳುನಾಡಿನ ಆಗಿನ ದಕ್ಷಿಣ ಆರ್ಕಾಟ್ ಜಿಲ್ಲೆಯ ಕಲ್ಲೇರಿ ಎಂಬ ಹಳ್ಳಿಯಲ್ಲಿ. ಕನ್ನಡಿಗರಾದ ನಾವು ಅಮಲೋದ್ಭವ ಮಾತೆ ಎನ್ನುವಲ್ಲಿ ತಮಿಳರು ಅಮಲೋರ್ಪವ ಮಾತೆ ಎನ್ನುತ್ತಾರೆ. ಆ ತಾಯಿಯ ದಾಸನೆಂಬುದೇ ಅವರ ಹೆಸರಿನ ಅರ್ಥ. 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದು, ಮುಂದೆ ರೋಮಿನಲ್ಲಿ ಸೇವೆ ಸಲ್ಲಿಸಿ, 1985ರಲ್ಲಿ ಕಾರ್ಡಿನಲ್ ಪದವಿಗೇರಿದ ಸೈಮನ್ ಲೂರ್ದುಸ್ವಾಮಿಯವರು ಇವರ ಅಣ್ಣ. ತಮ್ಮ 1959ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನಲ್ಲಿ ಉನ್ನತ ವ್ಯಾಸಂಗ ಮಾಡಿದರು. ಭಾರತ ಮತ್ತು ಕ್ರಿಸ್ತರ ಭೇಟಿಯೇ ಅಲ್ಲಿ ಅವರ ಅಧ್ಯಯನದ ವಸ್ತುವಾಗಿತ್ತು.

ಅದು ಎರಡನೇ ವ್ಯಾಟಿಕನ್ ಮಹಾಸಭೆಯ ಕಾಲ. 1963ರ ಡಿಸೆಂಬರ್ 4ರಂದು ಹೊರಬಂದ ಆರಾಧನಾ ವಿಧಿಯ ಕುರಿತ ಶಾಸನವು ಜನರ ಭಾಷೆಗೆ ಬಾಗಿಲು ತೆರೆಯಿತು. ಆಯಾ ಜನಾಂಗದ ಸಂಸ್ಕೃತಿಯಲ್ಲಿ ಒಳ್ಳೆಯದಾಗಿರುವುದನ್ನು ಆರಾಧನೆಗೆ ಬರಮಾಡಿಕೊಳ್ಳಬಹುದೆಂದಿತು. 1965ರ ಅಕ್ಟೋಬರ್ 28ರ ಘೋಷಣೆಯು ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಈ ಮಾತುಗಳನ್ನು ಭಾರತದ ನೆಲಕ್ಕೆ ಇಳಿಸಬೇಕಿತ್ತು. ಅದಕ್ಕಾಗಿ ಭಾರತದ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಗೆಂದು ರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸಿದರು. 1967ರಲ್ಲಿ ಆರಂಭವಾದ ಆ ಕೇಂದ್ರದ ಸ್ಥಾಪಕ ನಿರ್ದೇಶಕರೇ ಅಮಲೋರ್ಪವದಾಸ್.

1969 ಮಹತ್ವದ ವರ್ಷವಾಯಿತು. ಆ ಏಪ್ರಿಲ್ 25ರಂದು ರೋಮ್ ಭಾರತದ ಆರಾಧನೆಗೆ ಹನ್ನೆರಡು ಅಂಶಗಳ ಹೊಂದಾಣಿಕೆಯನ್ನು ಅನುಮೋದಿಸಿತು. ಮೊಣಕಾಲೂರುವ ಬದಲು ಪಂಚಾಂಗ ಪ್ರಣಾಮ ಅಥವಾ ಅಂಜಲಿ, ನೆಲದ ಮೇಲೆ ಕುಳಿತು ಪೂಜೆ, ಪಾದರಕ್ಷೆ ಕಳಚುವುದು, ಮೇಣದ ಬತ್ತಿಗೆ ಬದಲು ಎಣ್ಣೆದೀಪ, ಸರಳವಾದ ಧೂಪಪಾತ್ರೆ, ಅರ್ಪಣೆಯ ತಟ್ಟೆ, ಹೂವು ಮತ್ತು ಆರತಿ ಅವುಗಳಲ್ಲಿ ಸೇರಿದ್ದವು. ಎಲ್ಲೆಡೆ ಇದನ್ನು ಪಾಲಿಸಲೇಬೇಕೆಂಬ ಕಟ್ಟಳೆಯಿರಲಿಲ್ಲ, ಅನುಮತಿಯಷ್ಟೇ ಇತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ನಡೆದ ಅಖಿಲ ಭಾರತ ಧರ್ಮಸಭಾ ವಿಚಾರಗೋಷ್ಠಿಯು ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಶ್ರೀಸಾಮಾನ್ಯ ಭಕ್ತರನ್ನೂ ಒಂದೇ ಸೂರಿನಡಿ ಕೂಡಿಸಿತು.

ಇವೆಲ್ಲ ಬರಿಯ ಅಲಂಕಾರವೇ? ಅಲ್ಲವೆಂಬುದೇ ಅವರ ಚಿಂತನೆಯ ತಿರುಳು. ದೇವರ ವಾಕ್ಯವು ಮನುಷ್ಯನಾಗಿ ಒಂದು ಊರಿನಲ್ಲಿ ಹುಟ್ಟಿತು, ಒಂದು ಭಾಷೆಯನ್ನಾಡಿತು, ಒಂದು ಜನಾಂಗದ ಊಟ ಉಡುಪನ್ನು ತನ್ನದಾಗಿಸಿಕೊಂಡಿತು. ಆದುದರಿಂದ ವಿಶ್ವಾಸವೂ ಪ್ರತಿ ನಾಡಿನಲ್ಲಿ ಅಲ್ಲಿಯದೇ ಮೈ ತಾಳಬೇಕು. ಸ್ಥಳೀಯ ಧರ್ಮಸಭೆಯೆಂದರೆ ಪರದೇಶದ ಸಂಸ್ಥೆಯ ಶಾಖೆಯಲ್ಲ; ಕ್ರಿಸ್ತರ ಸಭೆಯೇ ಆ ಮಣ್ಣಿನಲ್ಲಿ ಬೇರೂರಿ ನಿಂತ ರೂಪ. ಧರ್ಮೋಪದೇಶವೂ ಹಾಗೆಯೇ: ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿಸಿದರೆ ಸಾಲದು, ಮಗುವಿನ ದಿನನಿತ್ಯದ ಬಾಳಿನಿಂದಲೇ ಅದು ಆರಂಭವಾಗಬೇಕು ಎಂಬುದು ಅವರ ನಿಲುವು. ಲೋಕದ ಧರ್ಮಸಭೆಯೂ ಅವರ ಪರಿಶ್ರಮವನ್ನು ಗುರುತಿಸಿತು. ಶುಭಸಂದೇಶ ಪ್ರಸಾರವನ್ನು ಕುರಿತು 1974ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೊಡಿಗೆ ಅವರು ವಿಶೇಷ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದರು.

ಆ ಕೇಂದ್ರದ ಪ್ರಾರ್ಥನಾ ಮಂದಿರದ ಕಲಾಕಾರ್ಯದಲ್ಲಿ ಕಲಾವಿದ ಜ್ಯೋತಿ ಸಾಹಿಯವರೂ ತೊಡಗಿದ್ದರು. ಅವರು ಹೆಸರಘಟ್ಟ ರಸ್ತೆಯ ಸಿಲ್ವೆಪುರದಲ್ಲಿ ನೆಲೆಸಿ, ಹಳ್ಳಿಯ ಪರಿಸರದಲ್ಲೇ ಕ್ರೈಸ್ತ ಕಲೆಗೆ ಭಾರತೀಯ ರೂಪವನ್ನು ಅರಸಿದವರು. ಹೀಗೆ ರಾಷ್ಟ್ರಮಟ್ಟದ ಈ ಚಿಂತನೆಯ ಒಂದು ಎಳೆ ನಮ್ಮ ಸೀಮೆಯ ಸಮೀಪದಲ್ಲೇ ಹಾದುಹೋಗಿದೆ.

ಈ ಹಾದಿ ಹೂವಿನದಾಗಿರಲಿಲ್ಲ. ದೀಪ, ಆರತಿಗಳನ್ನು ಕಂಡು ಅನೇಕ ಭಕ್ತರು ನೊಂದರು. ಹಿಂದೂ ಆಚರಣೆಯನ್ನು ಬಿಟ್ಟು ಬಂದ ನಮ್ಮ ಪೂರ್ವಿಕರನ್ನು ಮತ್ತೆ ಅಲ್ಲಿಗೇ ಕರೆದೊಯ್ಯುತ್ತಿದ್ದೀರೆಂದು ಆಕ್ಷೇಪಿಸಿದರು. ಮದ್ರಾಸಿನ ವಿಕ್ಟರ್ ಕುಳಂದೈ ಎಂಬುವರು ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಅನ್ಯಧರ್ಮಗ್ರಂಥಗಳ ಬಗೆಗೆ ಕೇಂದ್ರವು 1974ರಲ್ಲಿ ಸಂಶೋಧನಾ ಗೋಷ್ಠಿ ನಡೆಸಿತು. ಆದರೆ ಅಂಥ ಗ್ರಂಥಗಳನ್ನು ಬಲಿಪೂಜೆಯಲ್ಲಿ ಓದುವುದನ್ನು 1975ರಲ್ಲಿ ರೋಮ್ ತಡೆಯಿತು. ಅನುಮತಿ ದೊರೆತ ಹನ್ನೆರಡು ಅಂಶಗಳು ಮಾತ್ರ ಉಳಿದವು.

ಇದಕ್ಕಿಂತ ಆಳವಾದ ಪ್ರಶ್ನೆ ಇನ್ನೊಂದು ದಿಕ್ಕಿನಿಂದ ಬಂದಿತು. ಭಾರತೀಯ ಸಂಸ್ಕೃತಿ ಎಂದರೆ ಯಾರ ಸಂಸ್ಕೃತಿ? ಸಂಸ್ಕೃತ ಶ್ಲೋಕ, ಆಶ್ರಮ, ಉಪನಿಷತ್ತುಗಳು ಮಾತ್ರವೇ? ಗುಡಿಯ ಹೊಸ್ತಿಲು ತುಳಿಯಲೂ ಬಿಡದಿದ್ದ ಜನರ ಹಾಡು, ತಮಟೆ, ದುಡಿಮೆ ಸಂಸ್ಕೃತಿಯಲ್ಲವೇ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರಕ್ಕೆ ಚಾಲನೆ ದೊರೆಯಿತು. ನ್ಯಾಯವಾಗಿಯೇ ಕೇಳಿದ ಈ ಪ್ರಶ್ನೆಯನ್ನು ಆರತಿಯ ಬೆಳಕಿನಲ್ಲಿ ಮರೆಮಾಡಲಾಗದು. ಅಮಲೋರ್ಪವದಾಸರ ಕೇಂದ್ರವೂ ಅದೇ ವರ್ಷ ಹೊಸ ಸಮಾಜದ ಹೋರಾಟದಲ್ಲಿ ಭಾರತದ ಧರ್ಮಸಭೆಯ ಪಾತ್ರವನ್ನು ಕುರಿತ ಗೋಷ್ಠಿಯ ಗ್ರಂಥವನ್ನು ಪ್ರಕಟಿಸಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಮುಂದೆ ಅವರು ಮೈಸೂರಿಗೆ ತೆರಳಿ, ಅಲ್ಲಿನ ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಕಟ್ಟಿದರು. ಸರ್ಕಾರಿ ವಿಶ್ವವಿದ್ಯಾನಿಲಯವೊಂದರಲ್ಲಿ ಎಲ್ಲ ಮತದ ವಿದ್ಯಾರ್ಥಿಗಳ ನಡುವೆ ಕ್ರಿಸ್ತಧರ್ಮವನ್ನು ಕಲಿಸುವ ಅವಕಾಶ ಅದು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿ, ಸ್ವಾಮಿ ಅಮಲೋರಾನಂದರೆನಿಸಿ, ಬಂದವರಿಗೆ ಧ್ಯಾನವನ್ನೂ ಮೌನವನ್ನೂ ಕಲಿಸಿದರು. 1990ರ ಮೇ 25ರಂದು ರಸ್ತೆ ಅಪಘಾತದಲ್ಲಿ ಅವರು ಅಗಲಿದರು. ಆಗ ಅವರಿಗಿನ್ನೂ ಐವತ್ತೆಂಟು ತುಂಬಿರಲಿಲ್ಲ.

ಪ್ರಿಯ ಓದುಗರೇ, ಈ ಚರಿತ್ರೆ ಕೇವಲ ವಿದ್ವಾಂಸರಿಗೆ ಸೇರಿದ್ದಲ್ಲ. ಪೂಜೆಯಲ್ಲಿ ಆರತಿ ಎತ್ತುವ ಮಗು ಮನೆಗೆ ಬಂದು, ಇದನ್ನೇಕೆ ಮಾಡುತ್ತೇವೆಂದು ಕೇಳಿದರೆ ಉತ್ತರಿಸಬೇಕಾದವರು ತಂದೆತಾಯಿಯರಾದ ನಾವೇ. ನೆರೆಮನೆಯ ಅನ್ಯಮತದ ಗೆಳೆಯ ಅದೇ ಪ್ರಶ್ನೆಯನ್ನು ಕೇಳಿದಾಗಲೂ ಸಂಕೋಚವಿಲ್ಲದೆ ವಿವರಿಸಬೇಕಾದವರು ನಾವೇ. ದೊಡ್ಡಬಳ್ಳಾಪುರದ ಮಗ್ಗದವನ ದಣಿವು, ಹೊಸಕೋಟೆಯ ರಾಗಿ ಹೊಲದ ಮೊದಲ ತೆನೆ, ಕೂಲಿಗೆ ಹೋಗಿ ಬಂದ ತಾಯಿಯ ಕೈ, ಇವು ಅರ್ಪಣೆಯ ತಟ್ಟೆಯಲ್ಲಿ ಸ್ಥಾನ ಪಡೆಯುವವರೆಗೂ ಆ ಗುರುಗಳ ಕೆಲಸ ಪೂರ್ಣವಾದಂತಲ್ಲ. ದೀಪವನ್ನು ಹಚ್ಚಿಕೊಟ್ಟವರು ಅವರು. ಎಣ್ಣೆ ಎರೆಯುವ ಹೊಣೆ ಪ್ರತಿ ಕುಟುಂಬದ್ದು.