ಜೆರಿಮ್ಯಾಂಡರ್: ಗೆರೆ ಎಳೆದು ಗೆಲ್ಲುವ ಬಗೆ
ಚುನಾವಣೆಗೆ ಮುನ್ನವೇ ಕ್ಷೇತ್ರಗಳ ಎಲ್ಲೆಗಳನ್ನು ಸ್ವಪಕ್ಷಕ್ಕೆ ಅನುಕೂಲವಾಗುವಂತೆ ವಕ್ರವಾಗಿ ಎಳೆದು, ಪ್ರತಿಪಕ್ಷದ ಮತಗಳನ್ನು ಒಂದೆಡೆ ಕಿಕ್ಕಿರಿಸಿಯೋ ಹಲವೆಡೆ ಚದುರಿಸಿಯೋ ನಿಷ್ಫಲಗೊಳಿಸುವ ಕುಟಿಲತಂತ್ರವನ್ನು ಸೂಚಿಸುವ ಅಮೆರಿಕದ ಕ್ರಿಯಾಪದವೇ ‘ಜೆರಿಮ್ಯಾಂಡರ್’. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿ ಅಂಥದೊಂದು ಮಸೂದೆಗೆ ಅಂಕಿತವಿತ್ತಾಗ, ಒಂದು ಕ್ಷೇತ್ರದ ಡೊಂಕು ಆಕೃತಿಗೆ ರೆಕ್ಕೆಯನ್ನೂ ಪಂಜಗಳನ್ನೂ ಜೋಡಿಸಿದ ವ್ಯಂಗ್ಯಚಿತ್ರವು ಬಾಸ್ಟನ್ ಗೆಜೆಟ್ ಪತ್ರಿಕೆಯಲ್ಲಿ ಪ್ರಕಟವಾಗಲು, ಗೆರಿಯ ಹೆಸರೂ ಹಲ್ಲಿಯನ್ನು ಹೋಲುವ ಉಭಯಚರವಾದ ಸಾಲಮ್ಯಾಂಡರಿನ ಹೆಸರೂ ಬೆಸೆದು ಈ ಪದವು ಜನಿಸಿತು. ಆತನ ಹೆಸರಿನ ಗಕಾರವು ಜನರ ನಾಲಗೆಯ ಮೇಲೆ ಜಕಾರವಾದುದು ಬೇರೆಯ ಮಾತು. ಆ ವರ್ಷ ಗೆರಿ ಅಧಿಕಾರ ಕಳೆದುಕೊಂಡನಾದರೂ, ಗೆರೆಗಳ ಕೃಪೆಯಿಂದ ರಾಜ್ಯದ ಸೆನೆಟ್ ಆತನ ಪಕ್ಷದ ಕೈಯಲ್ಲೇ ಉಳಿಯಿತು. ಪಕ್ಷಲಾಭಕ್ಕಾಗಿ ಮಾಡುವ ಇಂಥ ವಿಂಗಡಣೆಯ ವಿಚಾರಣೆ ಫೆಡರಲ್ ನ್ಯಾಯಾಲಯಗಳ ವ್ಯಾಪ್ತಿಗೆ ಸೇರದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿದೆ.