ಅಕ್ಷತೆ ಬಿದ್ದಾಗ ಫೈಲು ಏಕೆ ಉಬ್ಬುತ್ತದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕಕ್ಕೆ ಇವು ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಇವು 'ಮಧುಗಿರಿ ಶೈಕ್ಷಣಿಕ ಜಿಲ್ಲೆ'ಯಾಗಿ ಪಟ್ಟಿಯಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತವೆ. ಈ ಸೀಮೆಯಲ್ಲಿ ಪರೀಕ್ಷೆ ಮುಗಿದು ರಜೆ ಬಂತೆಂದರೆ, ಲ್ಯಾಪ್‌ಟಾಪ್ ಇರುವ ಮನೆಯ ವಿದ್ಯಾರ್ಥಿಗೆ ಅಪ್ಪ-ಅಮ್ಮನಿಂದ ಒಂದು ಕೆಲಸ ಕಾದಿರುತ್ತದೆ. ಬೀರುವಿನ ಮೇಲಿನ ಡಬ್ಬಿಯಲ್ಲಿ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ಡಿಸ್ಕುಗಳಿವೆಯಲ್ಲ, ಅವನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಬೇಕು. ಟಿ.ವಿ.ಯಲ್ಲಿ ನೋಡಬೇಕು.

ಹುಡುಗ ಯಾರದೋ ಹೊರ ಡ್ರೈವ್ ಎರವಲು ತರುತ್ತಾನೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಡಿಸ್ಕು ತೆರೆದು, 'ಕುಗ್ಗಿಸು' ಎಂದು ಆಜ್ಞೆ ಕೊಟ್ಟು ಊಟಕ್ಕೆ ಹೋಗುತ್ತಾನೆ. ಬಂದು ನೋಡಿದರೆ 4.37 ಜಿಬಿ ಇದ್ದದ್ದು 6 ಜಿಬಿ ಆಗಿದೆ! "ಏನೋ ಇದು, ಕುಗ್ಸು ಅಂದ್ರೆ ಹಿಗ್ಸಿದೀಯಲ್ಲ?" ಎಂದು ಅಪ್ಪ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಉತ್ತರ ಇದೆ, ಅದು ಅಂಥ ಕಠಿಣವಾದದ್ದೂ ಅಲ್ಲ.

ಮೊದಲು, ಡಿಸ್ಕಿನಲ್ಲಿ ಇರುವುದು ಏನೆಂದು ನೋಡೋಣ. ನಮ್ಮ ದೇಶದ ಡಿವಿಡಿಯಲ್ಲಿ ಒಂದೊಂದು ಚಿತ್ರವೂ 720 ಅಡ್ಡ, 576 ಉದ್ದ ಚುಕ್ಕೆಗಳದ್ದು. ಸೆಕೆಂಡಿಗೆ ಇಂಥ 25 ಚಿತ್ರಗಳು. ಇದನ್ನು ಇದ್ದಂತೆಯೇ ಬರೆದಿಟ್ಟರೆ ಒಂದು ಗಂಟೆಗೆ ಸುಮಾರು 56 ಜಿಬಿ ಬೇಕು. ಆದರೆ ಡಿಸ್ಕಿನಲ್ಲಿ ಹಿಡಿಸುವುದೇ 4.7 ಜಿಬಿ. (ಡಬ್ಬಿಯ ಮೇಲಿನ ಈ 4.7 ಕಂಪ್ಯೂಟರಿನಲ್ಲಿ 4.37 ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ಕಂಪ್ಯೂಟರು 1,024ರ ಲೆಕ್ಕ ಹಿಡಿಯುತ್ತದೆ.) ಅಂದರೆ ಎರಡು ಗಂಟೆಯ ಮದುವೆ ಡಿಸ್ಕಿಗೆ ಇಳಿಯುವಾಗಲೇ 20 ಪಟ್ಟಿಗೂ ಹೆಚ್ಚು ಹಿಂಡಿಸಿಕೊಂಡಿದೆ. ಅದನ್ನು 'ಜಿಪ್' ಮಾಡಿ ಚಿಕ್ಕದಾಗಲಿಲ್ಲ ಎಂದು ಕೊರಗುವುದು, ಗಾಣದಿಂದ ಹೊರಬಂದ ಕಡಲೆಕಾಯಿ ಹಿಂಡಿಯನ್ನು ಮತ್ತೆ ಗಾಣಕ್ಕೆ ಹಾಕಿ ಎಣ್ಣೆಗೆ ಕಾದಂತೆ.

ಹಿಂಡುವ ಉಪಾಯ ಅಂಗಡಿ ಲೆಕ್ಕದ ಪುಸ್ತಕದಲ್ಲೇ ಇದೆ. ಮೇಲಿನ ಸಾಲಿನಲ್ಲಿದ್ದ ಮಾತೇ ಕೆಳಗಿನ ಸಾಲಿಗೂ ಬಂದರೆ ಗುಮಾಸ್ತರು ಮತ್ತೆ ಬರೆಯುವುದಿಲ್ಲ. ಎರಡು ಗೀಟು ಹಾಕಿ 'ಸದರಿ' ಎನ್ನುತ್ತಾರೆ. ವಿಡಿಯೊ ಕೂಡ ಹಾಗೆಯೇ. ಡಿವಿಡಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ ಬರೆದು, ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತಾರೆ. ಕ್ಯಾಮೆರಾ ಕಂಬದ ಮೇಲೆ ನಿಂತು ಮಧುಗಿರಿಯ ಏಕಶಿಲಾ ಬೆಟ್ಟವನ್ನು ತೋರಿಸುತ್ತಿದ್ದರೆ ಬೆಟ್ಟವೆಲ್ಲ 'ಸದರಿ'. ಒಂದು ಮೋಡ ಸರಿದರೆ ಅಷ್ಟಕ್ಕೆ ಮಾತ್ರ ಖರ್ಚು.

ಈಗ ಮುಹೂರ್ತಕ್ಕೆ ಬನ್ನಿ. ಗಟ್ಟಿಮೇಳ ಮೊಳಗುತ್ತದೆ. ಇನ್ನೂರು ಕೈಗಳಿಂದ ಅಕ್ಷತೆ ಹಾರುತ್ತದೆ. ಒಂದೊಂದು ಕಾಳಿಗೂ ಒಂದೊಂದು ದಾರಿ. ಹಿಂದಿನ ಚಿತ್ರದಲ್ಲಿ ಇದ್ದ ಕಾಳು ಮುಂದಿನದರಲ್ಲಿ ಎಲ್ಲಿರುತ್ತದೆ ಎಂದು ಊಹಿಸಲು ಯಂತ್ರಕ್ಕೆ ಆಗುವುದಿಲ್ಲ. 'ಸದರಿ' ಎನ್ನುವಂತಿಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಸೀರಿಯಲ್ ಲೈಟಿನ ಮಿನುಗು, ಫೋಟೊ ತೆಗೆಯುವವರ ಫ್ಲಾಷು, ಜೊತೆಗೆ ಆ ಕಾಲದ ಸ್ಟುಡಿಯೊಗಳು ಪ್ರೀತಿಯಿಂದ ಸೇರಿಸುತ್ತಿದ್ದ ತೇಲುವ ಹೃದಯಗಳು, ಉದುರುವ ನಕ್ಷತ್ರಗಳು, ಪುಟ ಮಗುಚುವ ಆಟಗಳು, ಇವೆಲ್ಲ ಇದೇ ಜಾತಿಗೆ ಸೇರಿದವು. ನೋಡುವವರಿಗೆ ಸಂಭ್ರಮ, ಫೈಲಿಗೆ ಭಾರ.

ಇದಕ್ಕಿಂತ ದೊಡ್ಡ ಹೊಟ್ಟೆಬಾಕ ಒಂದಿದೆ. ಅದು ಕಣ್ಣಿಗೆ ಬೀಳುವುದಿಲ್ಲ. 1990ರ ದಶಕದ ಮದುವೆಗಳು ಮೊದಲು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿದ್ದು, ಆಮೇಲೆ ಡಿಸ್ಕಿಗೆ ಬಂದಂಥವು. ಟೇಪಿನ ಚಿತ್ರದಲ್ಲಿ ಸದಾ ಮರಳು ಚೆಲ್ಲಿದಂಥ ಸಣ್ಣ ಕುದಿತ ಇರುತ್ತದೆ. ನಮ್ಮ ಕಣ್ಣು ಅದನ್ನು ಬಿಟ್ಟು ಮುಖ ನೋಡುತ್ತದೆ. ಯಂತ್ರಕ್ಕೆ ಮುಖ ಯಾವುದು, ಮರಳು ಯಾವುದು ಎಂಬ ವಿವೇಕವಿಲ್ಲ. ಅದರ ಪಾಲಿಗೆ ಮದುವೆಯ ಎರಡು ಗಂಟೆಯೂ ಅಕ್ಷತೆ ಬೀಳುತ್ತಲೇ ಇರುತ್ತದೆ.

ಇಂಥ ಚಿತ್ರವನ್ನು ಕೊಟ್ಟು ನಾವು ಯಂತ್ರಕ್ಕೆ ಹೇಳಿದ್ದೇನು? ಹ್ಯಾಂಡ್‌ಬ್ರೇಕ್ ತಾನಾಗಿ ಆರಿಸಿಕೊಳ್ಳುವುದು 'ಕಾನ್‌ಸ್ಟೆಂಟ್ ಕ್ವಾಲಿಟಿ' ಎಂಬ ವಿಧಾನ. ಅದರ ಅರ್ಥ, 'ಗುಣಮಟ್ಟ ಇಷ್ಟಿರಲಿ, ಗಾತ್ರ ಎಷ್ಟಾದರೂ ಆಗಲಿ' ಎಂದು. ಮರಳಿನ ಪ್ರತಿ ಕಣವನ್ನೂ ಕಾಪಾಡು ಎಂದು ನಾವೇ ಹೇಳಿ, ಅದು ಕಾಪಾಡಿದ ಮೇಲೆ ಗಾತ್ರ ಹೆಚ್ಚಾಯಿತೆಂದು ದೂರಿದರೆ ಹೇಗೆ? ಇಲ್ಲಿ ಇನ್ನೊಂದು ಎಡವಟ್ಟೂ ಆಗುತ್ತದೆ. ಆರ್‌ಎಫ್ ಎಂಬ ಅಳತೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಗಾತ್ರವೂ ಹೆಚ್ಚು. ಚಿಕ್ಕ ಫೈಲು ಬೇಕೆಂದು ಚಿಕ್ಕ ಸಂಖ್ಯೆ ಒತ್ತಿದವರು ಹಳ್ಳಕ್ಕೆ ಬೀಳುತ್ತಾರೆ. ಡಿವಿಡಿ ಮಟ್ಟದ ಚಿತ್ರಕ್ಕೆ 18ರಿಂದ 22 ಸಾಕು. ಸುಮಾರು 6 ಅಂಕ ಮೇಲೇರಿಸಿದರೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಗಾತ್ರವೇ ಮುಖ್ಯವಾದರೆ 'ಆವರೇಜ್ ಬಿಟ್‌ರೇಟ್' ಎಂಬುದನ್ನು ಆರಿಸಿ, ಎಷ್ಟು ಬೇಕೆಂದು ನಾವೇ ಹೇಳಬೇಕು. ಎಂಟನೇ ತರಗತಿಯವರು ಬಿಡಿಸಬಹುದಾದ ಲೆಕ್ಕ ಇದು. ಎರಡು ಗಂಟೆಯ ಮದುವೆ 1,400 ಮೆಗಾಬೈಟ್‌ನಲ್ಲಿ ಕೂರಬೇಕು ಎನ್ನಿ. ಒಂದು ಬೈಟಿಗೆ 8 ಬಿಟ್. 1,400ನ್ನು 8ರಿಂದ ಗುಣಿಸಿದರೆ 11,200 ಮೆಗಾಬಿಟ್. ಎರಡು ಗಂಟೆಗೆ 7,200 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 1.55 ಮೆಗಾಬಿಟ್. ಶಬ್ದಕ್ಕೆ 0.16 ತೆಗೆದಿಟ್ಟರೆ ಚಿತ್ರಕ್ಕೆ ಉಳಿಯುವುದು ಹೆಚ್ಚುಕಡಿಮೆ 1.4, ಅಂದರೆ ಸುಮಾರು 1,400 ಕಿಲೋಬಿಟ್. ಆ ಸಂಖ್ಯೆಯನ್ನು ತುಂಬಿ, ಎರಡು ಸಲ ಓದಿ ಬರೆಯುವ ಆಯ್ಕೆಯನ್ನೂ ಗುರುತು ಮಾಡಿದರೆ, ಯಂತ್ರ ಮೊದಲ ಸುತ್ತಿನಲ್ಲಿ ಅಕ್ಷತೆ ಎಲ್ಲಿ, ಊಟದ ಪಂಕ್ತಿ ಎಲ್ಲಿ ಎಂದು ನೋಡಿಕೊಂಡು ಎರಡನೇ ಸುತ್ತಿನಲ್ಲಿ ಹಂಚಿಕೆ ಮಾಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ. ಬ್ಯಾಟರಿ ಸವೆದ ಲ್ಯಾಪ್‌ಟಾಪಾದರೆ ಕರೆಂಟು ಹೋಗದ ಹೊತ್ತು ನೋಡಿ ಕೂರಿಸಿ.

ಶಬ್ದ ಎಂದೆನಲ್ಲ, ಅದನ್ನು ಹಗುರವಾಗಿ ತಿಳಿಯಬೇಡಿ. ಕೆಲವು ಡಿಸ್ಕುಗಳಲ್ಲಿ ಶಬ್ದವನ್ನು ಹಿಂಡದೆ, 'ಪಿಸಿಎಂ' ಎಂಬ ಹಸಿ ರೂಪದಲ್ಲಿ ಬರೆದಿರುತ್ತಾರೆ. ಅದು ಗಂಟೆಗೆ 691 ಮೆಗಾಬೈಟ್ ತಿನ್ನುತ್ತದೆ. ತಂತ್ರಾಂಶದ ಆಡಿಯೊ ಪುಟದಲ್ಲಿ 'ಪಾಸ್‌ಥ್ರೂ' ಎಂದಿದ್ದರೆ ಆ ಮೂಟೆಯನ್ನು ಬಿಚ್ಚದೆ ಹಾಗೇ ದಾಟಿಸು ಎಂದರ್ಥ. ಎರಡು ಗಂಟೆಗೆ ಲೆಕ್ಕ ಹಾಕಿ: ನಮ್ಮ 1,400 ಮೆಗಾಬೈಟ್‌ನಲ್ಲಿ 1,382ನ್ನು ನಾದಸ್ವರವೇ ನುಂಗಿರುತ್ತದೆ! 'ಎಎಸಿ 160' ಎಂದು ಬದಲಿಸಿದರೆ ಅದು ಸುಮಾರು 144ಕ್ಕೆ ಇಳಿಯುತ್ತದೆ. ಮಂಟಪದ ಮೈಕಿನ ಧ್ವನಿಗೆ ಅಷ್ಟು ಧಾರಾಳವಾಗಿ ಸಾಕು.

ಒಂದೇ ಮದುವೆ ಎರಡು ಬಾರಿ ಆಗಿಬಿಡುವುದೂ ಉಂಟು. ಮೆನು ಇರುವ ಡಿಸ್ಕಿನಲ್ಲಿ 'ಎಲ್ಲವನ್ನೂ ತೋರಿಸು' ಎಂಬ ಇಡೀ ಚಿತ್ರ ಒಂದು ಶೀರ್ಷಿಕೆಯಾಗಿ, ವರಪೂಜೆ, ಧಾರೆ, ಆರತಕ್ಷತೆ ಬಿಡಿಬಿಡಿ ಶೀರ್ಷಿಕೆಗಳಾಗಿ ಇರಬಹುದು. ಎಲ್ಲಕ್ಕೂ ಗುರುತು ಹಾಕಿದರೆ ಎಲ್ಲವೂ ಎರಡೆರಡು. ಅವಧಿ ನೋಡಿ ಉದ್ದದ್ದೊಂದನ್ನು ಆರಿಸಿಕೊಳ್ಳಿ.

ಬೀರುವಿನಲ್ಲಿ ವಿಸಿಡಿಗಳೂ ಇದ್ದರೆ ಅವನ್ನು ಕುಗ್ಗಿಸುವ ಗೋಜಿಗೇ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಿಸಿಡಿಯ ಚಿತ್ರ ಕೇವಲ 352 ಅಡ್ಡ, 288 ಉದ್ದ. ಗಂಟೆಗೆ ಸುಮಾರು 620 ಮೆಗಾಬೈಟ್, ಅಷ್ಟೆ. ಆಗಲೇ ಸೊರಗಿರುವ ಅದರ ಚೌಕಚೌಕ ಕಲೆಗಳನ್ನೂ ಹೊಸ ಯಂತ್ರ 'ಚಿತ್ರ' ಎಂದೇ ತಿಳಿದು ಶ್ರದ್ಧೆಯಿಂದ ಬರೆಯುತ್ತದೆ. ಇನ್ನು ಕೆಲವರು ಹಳೆಯ ವಿಡಿಯೊವನ್ನು 'ಎಚ್‌ಡಿ' ಮಾಡುತ್ತೇವೆಂದು 1920 ಅಡ್ಡ, 1080 ಉದ್ದಕ್ಕೆ ಎಳೆಯುತ್ತಾರೆ. ಡಿವಿಡಿಗಾದರೆ ಇದು 5 ಪಟ್ಟು ಚುಕ್ಕೆಗಳು, ವಿಸಿಡಿಗಾದರೆ 20 ಪಟ್ಟು. ಇಲ್ಲದ ವಿವರ ಎಲ್ಲಿಂದ ಬರಬೇಕು? ಬರುವುದು ಗಾತ್ರ ಮಾತ್ರ.

ಹಾಗಾದರೆ ಮರಳು ತೊಳೆಯಬಹುದೇ? 'ಡಿನಾಯ್ಸ್' ಎಂಬ ಜರಡಿ ಇದೆ. ಹಗುರ ಮಟ್ಟದಲ್ಲಿ ಬಳಸಿದರೆ ಫೈಲು ಚೆನ್ನಾಗಿ ಇಳಿಯುತ್ತದೆ. ಕೈ ಭಾರವಾದರೆ ಸೀರೆಯ ಜರಿಯ ಜೊತೆ ಅಜ್ಜಿಯ ಮುಖದ ಸುಕ್ಕೂ ಮಾಯವಾಗಿ, ಮೇಣದ ಗೊಂಬೆ ಕೂತಂತೆ ಕಾಣುತ್ತದೆ. ಆ ಅಜ್ಜಿ ನಡೆದಾಡಿದ ಚಿತ್ರ ಮನೆಯಲ್ಲಿ ಅದೊಂದೇ ಇದ್ದೀತು. ಚಲಿಸುವ ಅಂಚುಗಳಲ್ಲಿ ಹಣಿಗೆ ಹಲ್ಲಿನಂಥ ಗೆರೆಗಳು ಕಂಡರೆ 'ಡಿಇಂಟರ್‌ಲೇಸ್' ಹಾಕಿ. ಆ ಗೆರೆಗಳೂ ಜಾಗ ತಿನ್ನುತ್ತವೆ.

ಇಡೀ ಡಿಸ್ಕನ್ನು ಓಡಿಸುವ ಮೊದಲು ಎರಡು ನಿಮಿಷದ ತುಣುಕನ್ನು ಮಾಡಿ ನೋಡುವುದು ಜಾಣತನ. ಆದರೆ ಆ ತುಣುಕು ಗಣಪತಿ ಪಟ ನಿಶ್ಚಲವಾಗಿ ನಿಂತಿರುವ ಆರಂಭದ್ದಾಗಬಾರದು, ಮುಹೂರ್ತದ್ದೇ ಆಗಬೇಕು. ಆ ಎರಡು ನಿಮಿಷ 45 ಮೆಗಾಬೈಟ್ ಬಂದರೆ, ಎರಡು ಗಂಟೆಗೆ ಹೆಚ್ಚೆಂದರೆ 2,700 ಎಂದು ಅಂದಾಜು ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆ: ಕುಗ್ಗಿಸಲೇಬೇಕೇ? ಒಂದು 64 ಜಿಬಿ ಪೆನ್‌ಡ್ರೈವ್‌ನಲ್ಲಿ ತುಂಬಿದ ಡಿವಿಡಿಗಳು ಇದ್ದಂತೆಯೇ 13 ಹಿಡಿಸುತ್ತವೆ. ಒಂದು ಮನೆಯಲ್ಲಿ ಅದಕ್ಕಿಂತ ಹೆಚ್ಚು ಮದುವೆ ಆಗಿರುವುದು ಅಪರೂಪ. ಒಮ್ಮೆ ಹಿಂಡಿ ಎಸೆದ ವಿವರ ಮರಳಿ ಬರುವುದಿಲ್ಲ. ಆದ್ದರಿಂದ ಮೊದಲು ಡಿಸ್ಕನ್ನು ಪೂರ್ತಿಯಾಗಿ, ಒಂದಕ್ಷರ ಬದಲಿಸದೆ ನಕಲು ಮಾಡಿ ಇಡಿ, ಟಿ.ವಿ.ಗೆ, ಮೊಬೈಲಿಗೆ ಬೇಕಾದ ಚಿಕ್ಕ ಫೈಲು ಆಮೇಲಿನದು. (ಮನೆಯ ಡಿಸ್ಕಿನ ಮಾತಷ್ಟೇ ಇದು, ಮಾರುಕಟ್ಟೆಯ ಸಿನಿಮಾ ಡಿಸ್ಕುಗಳಿಗೆ ಹಕ್ಕುಸ್ವಾಮ್ಯದ ಬೀಗವಿರುತ್ತದೆ.) ದೊಡ್ಡ ಫೈಲನ್ನು ಪೆನ್‌ಡ್ರೈವ್ 'ಜಾಗವಿಲ್ಲ' ಎಂಬಂತೆ ತಳ್ಳಿದರೆ ಅದು ಎಫ್‌ಎಟಿ32 ರೀತಿಯಲ್ಲಿ ಸಿದ್ಧಪಡಿಸಿದ್ದಿರಬೇಕು. ಆ ರೀತಿಯಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲು ಕೂರುವುದಿಲ್ಲ, ಎಷ್ಟೇ ಜಾಗ ಖಾಲಿಯಿದ್ದರೂ. ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು, ಆಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಹಳೆಯ ಟಿ.ವಿ. ಅದನ್ನು ಓದದೆಯೂ ಇರಬಹುದು.

ಈ ಕೆಲಸವನ್ನು ಮುಂದಿನ ರಜೆಗೆ ಮುಂದೂಡುವಂತಿಲ್ಲ. ಸ್ಟುಡಿಯೊದಲ್ಲಿ ಬರೆಸಿದ ಡಿಸ್ಕಿನಲ್ಲಿ ಚಿತ್ರ ನಿಂತಿರುವುದು ಒಂದು ತೆಳುವಾದ ಬಣ್ಣದ ಪದರದಲ್ಲಿ. ಬಿಸಿಲು, ಶಾಖ ತಾಗಿದಂತೆ ಅದು ಮಂಕಾಗುತ್ತದೆ. ಪಾವಗಡದ ಬಿಸಿಲನ್ನು ನಂಬಿಯೇ ತಿರುಮಣಿಯ ಸುತ್ತ 2,050 ಮೆಗಾವಾಟ್‌ನ ಸೌರ ಉದ್ಯಾನ 2019ರ ಕೊನೆಯ ಹೊತ್ತಿಗೆ ಪೂರ್ತಿಯಾಗಿ ಎದ್ದುನಿಂತಿತು. ಅದೇ ಬಿಸಿಲು ಶೀಟಿನ ಮನೆಯ ಅಟ್ಟದಲ್ಲಿರುವ ಮದುವೆ ಡಿಸ್ಕಿಗೆ ಶತ್ರು. ಡಿಸ್ಕು ತಡವರಿಸುತ್ತಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ನಕಲಾದ ಫೈಲನ್ನು ಕೊನೆಯ ಆರತಿಯವರೆಗೂ ಓಡಿಸಿ ನೋಡಿದ ಮೇಲೂ ಡಿಸ್ಕನ್ನು ಎಸೆಯಬೇಡಿ. ಕತ್ತಲಾದ, ತಂಪಾದ ಕಡೆ ನಿಲ್ಲಿಸಿಡಿ. ಇನ್ನೊಂದು ಪ್ರತಿ ಶಿರಾದ ಅತ್ತೆಯ ಮನೆಯಲ್ಲೋ ಕೊರಟಗೆರೆಯ ಚಿಕ್ಕಪ್ಪನ ಮನೆಯಲ್ಲೋ ಇರಲಿ.