ಆಕಾಶದಲ್ಲೊಂದು ಕನ್ನಡಿ

ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಪಾವಗಡದ ಸೋಲಾರ್ ಪಾರ್ಕ್ ಕಡೆ ಕರೆದುಕೊಂಡು ಹೋಗಿದ್ದೆ. ಸುಮಾರು 13 ಸಾವಿರ ಎಕರೆ. ಕಣ್ಣು ಹಾಯಿಸಿದಷ್ಟೂ ನೀಲಿ ಫಲಕಗಳು. ಹೊತ್ತು ಮುಳುಗಿತು. "ತಾತ, ಇನ್ನು ಬೆಳಗಿನವರೆಗೂ ಇವಕ್ಕೆ ರಜೆಯಾ? ಆಕಾಶದಲ್ಲೊಂದು ಕನ್ನಡಿ ಇಟ್ಟು ಬಿಸಿಲು ಬೀಳಿಸಬಾರದಾ?" ಎಂದಳು.

ನಗಬೇಡಿ ಮಕ್ಕಳೇ, ಕನ್ನಡಿ ಹಿಡಿದು ನೋಡಿದವರೂ ಇದ್ದಾರೆ! 1993ರ ಫೆಬ್ರವರಿ 4ರಂದು ರಷ್ಯಾದವರು ಮೀರ್ ಅಂತರಿಕ್ಷ ನಿಲ್ದಾಣದ ಬಳಿ 20 ಮೀಟರ್ ಅಗಲದ ಕನ್ನಡಿ ಬಿಡಿಸಿದರು. ಅದರ ಹೆಸರು 'ಜ್ನಾಮ್ಯ', ಅಂದರೆ ಬಾವುಟ. ಈ ಕೆಲಸದ ಮುಂದಾಳು ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಎಂಬ ಎಂಜಿನಿಯರ್. ಕನ್ನಡಿ ಗಾಜಿನದಲ್ಲ, ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಗಿರ್ರನೆ ತಿರುಗಿದಾಗ ಲಂಗ ಅರಳುವಂತೆ ಅರಳಿಕೊಂಡಿತು. ಐದು ಕಿಲೋಮೀಟರ್ ಅಗಲದ ಬೆಳಕು ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಯೂರೋಪಿನ ಮೇಲೆ ಓಡಿತು. ಆದರೆ ಅದು ಬಿಸಿಲಲ್ಲ, ಬರಿಯ ಬೆಳದಿಂಗಳಷ್ಟು!

ಯಾಕೆ ಹೀಗೆ? ಮರುದಿನ ನಾವಿಬ್ಬರೂ ಪರೀಕ್ಷೆ ಮಾಡಿದೆವು. ಎರಡು ಬೆರಳಗಲದ ಚೌಕ ಕನ್ನಡಿಯಿಂದ ಬಿಸಿಲನ್ನು ಹತ್ತಿರದ ಗೋಡೆಗೆ ಬಿಟ್ಟೆವು. ಚೌಕವಾಗಿ ಪ್ರಖರವಾಗಿ ಬಿತ್ತು. ಬೀದಿಯಾಚೆ ದೂರದ ಗೋಡೆಗೆ ಬಿಟ್ಟಾಗ ದೊಡ್ಡದಾಯಿತು, ದುಂಡಗಾಯಿತು, ಮಂಕಾಯಿತು. ಸೂರ್ಯ ಒಂದು ಚುಕ್ಕೆಯಲ್ಲ, ತಟ್ಟೆ. ಅದರ ಒಂದೊಂದು ಅಂಚಿನ ಕಿರಣವೂ ಒಂದೊಂದು ದಿಕ್ಕಿನಿಂದ ಬಂದು, ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. (ನೀವೂ ಮಾಡಿ. ಆದರೆ ಸೂರ್ಯನನ್ನು ನೇರವಾಗಿ ನೋಡಬೇಡಿ, ಯಾರ ಕಣ್ಣಿಗೂ ಬೆಳಕು ಬಿಡಬೇಡಿ.)

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಜ್ನಾಮ್ಯದ ಲೆಕ್ಕವನ್ನೂ ಹಾಕಿದೆ. ಕನ್ನಡಿಯ ವಿಸ್ತೀರ್ಣ 314 ಚದರ ಮೀಟರ್. ಬೆಳಕು ಬಿದ್ದ ಜಾಗ ಸುಮಾರು 2 ಕೋಟಿ ಚದರ ಮೀಟರ್. ಒಂದು ರೂಪಾಯಿಯನ್ನು 62 ಸಾವಿರ ಜನಕ್ಕೆ ಹಂಚಿದ ಹಾಗೆ! ಹಗಲಿನಷ್ಟು ಬಿಸಿಲು ಬೇಕೆಂದರೆ ಕನ್ನಡಿಯೇ ಕಿಲೋಮೀಟರುಗಟ್ಟಲೆ ಅಗಲ ಇರಬೇಕು.

1999ರಲ್ಲಿ 25 ಮೀಟರಿನ ಇನ್ನೊಂದು ಕನ್ನಡಿ ಬಿಡಿಸುವಾಗ ನೌಕೆಯ ಆಂಟೆನಾಕ್ಕೆ ಸಿಕ್ಕಿಕೊಂಡಿತು. ರಷ್ಯಾದವರ ಪ್ರಯತ್ನ ಅಲ್ಲಿಗೇ ನಿಂತಿತು. ಸೂರ್ಯಾಸ್ತದ ನಂತರ ಸೋಲಾರ್ ಫಲಕಗಳಿಗೆ ಬಿಸಿಲು ಕಳಿಸುವ ಮಾತು ಈಗ ಅಮೆರಿಕದಲ್ಲಿ ಮತ್ತೆ ಎದ್ದಿದೆ. ರಾತ್ರಿಯ ಆಕಾಶ ನೋಡುವ ಖಗೋಳ ವಿಜ್ಞಾನಿಗಳಿಗೆ ಅದೇ ಚಿಂತೆ.

"ಹಾಗಾದರೆ ರಾತ್ರಿ ಕರೆಂಟಿಗೆ ಏನು ಮಾಡೋದು ತಾತ?" ಎಂದು ಕೇಳಿದಳು.

"ಹಗಲಿನ ಕರೆಂಟನ್ನು ಬ್ಯಾಟರಿಯಲ್ಲಿ ಠೇವಣಿ ಇಟ್ಟು ರಾತ್ರಿ ತೆಗೆಯೋದು. ನನ್ನ ಬ್ಯಾಂಕಿನ ಹಾಗೆ!"

ಅವಳು ತಾರಸಿಯಲ್ಲಿ ಮಲಗಿ ಮೇಲೆ ನೋಡುತ್ತಿದ್ದಳು. "ಹಂಗಾದ್ರೆ ನಕ್ಷತ್ರಗಳೂ ಉಳೀತವೆ" ಎಂದು ಎಣಿಸಲು ಶುರುಮಾಡಿದಳು.